ಪ್ರಿಂಟ್‌ಎಫ್‌ನ ದಾಕ್ಷಿಣ್ಯ

ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಒಂದು ಸಿ ಪ್ರೋಗ್ರಾಮನ್ನು ಹಳೆಯ ಸೋಲಾರಿಸ್ (ಸನ್ ಕಂಪನಿಯ ಯೂನಿಕ್ಸ್) ಯಂತ್ರಕ್ಕೆ ಒಗ್ಗಿಸುವ ಕೆಲಸ ಒಮ್ಮೆ ನನ್ನ ತಲೆಗೆ ಬಂದಿತ್ತು. ಕಂಪೈಲ್ ಆಯಿತು, ಶುರುವೂ ಆಯಿತು, ಮೊದಲ ಲಾಗ್ ಸಾಲಿನಲ್ಲೇ ಕೋರ್ ಡಂಪ್ ಬಿಟ್ಟು ಮಲಗಿಬಿಟ್ಟಿತು. ಡಿಬಗರ್ ಬೊಟ್ಟು ಮಾಡಿದ್ದು ಪದದ ಉದ್ದ ಅಳೆಯುವ ಸ್ಟ್ರ್‌ಲೆನ್ ಕಡೆಗೆ. ಅಚ್ಚು ಮಾಡುವ ಪ್ರಿಂಟ್‌ಎಫ್ ಫಂಕ್ಷನ್ನಿನಲ್ಲಿ, ಪದವೊಂದು ಬರಬೇಕಾದ %ಎಸ್ ಜಾಗಕ್ಕೆ ಯಾರೋ ಪುಣ್ಯಾತ್ಮರು ನಲ್ ಪಾಯಿಂಟರ್, ಅಂದರೆ ಏನನ್ನೂ ತೋರಿಸದ ಸೊನ್ನೆ ವಿಳಾಸ, ಕೊಟ್ಟಿದ್ದರು. ಹುಡುಕಿದರೆ ಆ ಪುಣ್ಯಾತ್ಮ ನಾನೇ.

‘ಸೋಲಾರಿಸ್ ಲೈಬ್ರರಿಯೇ ಸರಿಯಿಲ್ಲ’ ಎಂದು ಜೊತೆಯವರು ತೀರ್ಪು ಕೊಟ್ಟರು. ನಾನು ಒಪ್ಪಲಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. ನಮ್ಮನ್ನು ಕೆಡಿಸಿದ್ದು ಲಿನಕ್ಸ್‌ನ ದಾಕ್ಷಿಣ್ಯ. ಅಲ್ಲಿನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಅಂಥ ಕಡೆ ಆವರಣದೊಳಗೆ ‘ನಲ್’ ಎಂದು ಅಚ್ಚು ಮಾಡಿ, ಏನೂ ಆಗದಂತೆ ಮುಂದೆ ಹೋಗುತ್ತದೆ. ಅದಕ್ಕೂ ಹಿಂದೆ ವ್ಯಾಕ್ಸ್ ಯಂತ್ರದ ಬಿಎಸ್‌ಡಿ ಯೂನಿಕ್ಸ್‌ನಲ್ಲಿ ಸೊನ್ನೆ ವಿಳಾಸವನ್ನು ಓದಬಹುದಿತ್ತು, ಅಲ್ಲಿ ಸಿಗುತ್ತಿದ್ದುದೂ ಸೊನ್ನೆಯೇ. ಹಾಗಾಗಿ ನಲ್ ಎಂದರೆ ಖಾಲಿ ಪದ. ಸಿ ಮಾನಕ ಇದಕ್ಕೆ ಯಾವ ಭರವಸೆಯನ್ನೂ ಕೊಟ್ಟಿಲ್ಲ. ಆ ದಾಕ್ಷಿಣ್ಯವಾದರೂ ನೆಚ್ಚುವಂಥದ್ದೇ? %ಎಸ್ ನಂತರ ಹೊಸಸಾಲಿನ ಚಿಹ್ನೆ ಮಾತ್ರ ಇದ್ದರೆ ಜಿಸಿಸಿ ಕಂಪೈಲರ್ ಆ ಕರೆಯನ್ನು ಸದ್ದಿಲ್ಲದೆ ಪುಟ್ಸ್ ಆಗಿ, ಅಂದರೆ ಈ ದಾಕ್ಷಿಣ್ಯವಿಲ್ಲದ ಸರಳ ಫಂಕ್ಷನ್ನಾಗಿ, ಬದಲಿಸಬಲ್ಲದು. ಆಗ ಲಿನಕ್ಸ್‌ನಲ್ಲೂ ಸೆಗ್ಮೆಂಟೇಶನ್ ಫಾಲ್ಟ್, ಪ್ರೋಗ್ರಾಮ್ ನೆಲಕ್ಕೆ.

ಪ್ರೋಗ್ರಾಮ್ ಬಿದ್ದರೆ ತಪ್ಪಿದ ಸಾಲಾದರೂ ಸಿಗುತ್ತದೆ. ಬೀಳದೆ ಕೆಡಿಸುವುದು ಫಂಕ್ಷನ್ ಮುಗಿದಾಗ ಮರಳಿ ಬರುವ ಮೌಲ್ಯ. ಬಫರ್ ಎಂಬ ಮೆಮೊರಿ ಜಾಗಕ್ಕೆ ಬರೆಯುವ ಎಸ್‌ಪ್ರಿಂಟ್‌ಎಫ್ ಎಷ್ಟು ಅಕ್ಷರ ಬರೆಯಿತೆಂಬ ಲೆಕ್ಕ ಕೊಡುತ್ತದೆ ಎಂದೇ ನಾವೆಲ್ಲ ಕಲಿತದ್ದು. ಸಿಸ್ಟಮ್ ಫೈವ್ ಯೂನಿಕ್ಸ್ ಹಾಗೇ ಮಾಡುತ್ತಿತ್ತು, 1989ರ ಆನ್ಸಿ ಮಾನಕವೂ ಅದನ್ನೇ ಹಿಡಿಯಿತು. ಆದರೆ ಹಳೆಯ ಬಿಎಸ್‌ಡಿ ಮತ್ತು ಅದರ ಹಾದಿ ತುಳಿದ, ಸೋಲಾರಿಸ್‌ಗೂ ಮುಂಚಿನ ಸನ್‌ಓಎಸ್ 4 ಬಫರ್‌ನ ವಿಳಾಸವನ್ನೇ ಮರಳಿಸುತ್ತಿದ್ದವು. ಬಫರ್ ತುಂಬುತ್ತ ಹೋಗುವಾಗ ಆ ಮೌಲ್ಯವನ್ನು ಉದ್ದಕ್ಕೆ ಕೂಡಿಸಿಕೊಳ್ಳುವುದು ಸಿ ಬರೆಯುವವರ ಕೈಗೆ ಅಂಟಿದ ಅಭ್ಯಾಸ. ಐದು ಅಕ್ಷರ ಎಂದುಕೊಂಡು ಒಂದು ಇಡೀ ಮೆಮೊರಿ ವಿಳಾಸವನ್ನು ಕೂಡಿಸಿದರೆ ಮುಂದಿನ ಪದ ಎಲ್ಲಿ ಹೋಗಿ ಬೀಳುತ್ತದೋ ದೇವರೇ ಬಲ್ಲ.

ಕೊಟ್ಟ ಗಾತ್ರವನ್ನು ಮೀರದೆ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಬಂದು ಎಲ್ಲ ಸರಿಹೋಯಿತು ಎನ್ನುವವರಿದ್ದಾರೆ. ಜಾಗ ಸಾಲದಿದ್ದರೆ ಒಟ್ಟು ಎಷ್ಟು ಬೇಕಿತ್ತು ಎಂದು ಹೇಳಬೇಕು, ಇದು 1999ರ ಸಿ ಮಾನಕದ ಮಾತು. ಗ್ಲಿಬ್‌ಸಿ 2.0.6ರವರೆಗೂ ಮೈನಸ್ ಒಂದು ಎಂದಷ್ಟೇ ಹೇಳುತ್ತಿತ್ತು. ಗಾತ್ರ ಸೊನ್ನೆ ಕೊಟ್ಟು ಮೊದಲೇ ಅಳತೆ ತೆಗೆಯೋಣವೆಂದರೆ, 1997ರ ಏಕೀಕೃತ ಯೂನಿಕ್ಸ್ ನಿರ್ದಿಷ್ಟತೆಯ ಪ್ರಕಾರ ಆಗ ಬರುವುದು ಒಂದಕ್ಕಿಂತ ಕಡಿಮೆಯ ಯಾವುದೋ ಸಂಖ್ಯೆ. ಅಳತೆಪಟ್ಟಿ ಕೇಳಿದವನಿಗೆ ಬರಿಗೈ ತೋರಿಸಿದ ಹಾಗೆ.

ಉಳಿದವು ಚಿಲ್ಲರೆ ಕಾಟಗಳು. ವಿಳಾಸ ಅಚ್ಚು ಮಾಡಲು %ಪಿ ಕೊಟ್ಟರೆ ಕೆಲವು ಕಡೆ ಸೊನ್ನೆ-ಎಕ್ಸ್ ಮೊದಲಿಗೆ ಬರುತ್ತದೆ, ಕೆಲವು ಕಡೆ ಇಲ್ಲ. ಗಾತ್ರ ಅಚ್ಚು ಮಾಡುವ %ಝಡ್‌ಯು ತಿಳಿಯದ ಹಳೆಯ ಲೈಬ್ರರಿಗಳಿವೆ; ಆ ಸಂಖ್ಯೆಯನ್ನು ಅನ್‌ಸೈನ್ಡ್ ಲಾಂಗ್ ಬಗೆಗೆ ಬದಲಿಸಿ %ಎಲ್‌ಯು ಬಳಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ.

ನನ್ನ ಕೋಡಿನಲ್ಲಿ ಈಗಲೂ ಎಸ್‌ಎನ್‌ಪ್ರಿಂಟ್‌ಎಫ್ ಕರೆಯುವ ಒಂದು ಲೂಪ್ ಇದೆ: ಋಣ ಸಂಖ್ಯೆ ಬಂದರೆ ಬಫರ್ ದುಪ್ಪಟ್ಟು, ಗಾತ್ರ ಮೀರಿದ ಸಂಖ್ಯೆ ಬಂದರೆ ಅದಕ್ಕೊಂದು ಕೂಡಿಸಿದಷ್ಟು. ‘ಅಂಥ ಯಂತ್ರ ಈಗ ಯಾರ ಬಳಿಯಿದೆ, ಮೊದಲನೆಯದನ್ನು ತೆಗೆಯಿರಿ’ ಎಂದು ಕಿರಿಯ ಸಹೋದ್ಯೋಗಿ ಕೇಳಿದರು. ತೆಗೆಯಲಿಲ್ಲ. ಆದರೆ ಅವರ ಪ್ರಶ್ನೆಯಿಂದಲೇ ಇನ್ನೊಂದು ಹೊಳೆಯಿತು: ಹೊಸ ವ್ಯವಸ್ಥೆಗಳಲ್ಲಿ ಋಣ ಸಂಖ್ಯೆ ಎಂದರೆ ನಿಜವಾದ ದೋಷ, ಎಷ್ಟು ದುಪ್ಪಟ್ಟು ಮಾಡಿದರೂ ಅದು ಹೋಗದು, ಮೆಮೊರಿ ಮುಗಿಯುವವರೆಗೆ ನನ್ನ ಲೂಪ್ ಸುತ್ತುತ್ತಲೇ ಇರುತ್ತದೆ. ಅವತ್ತೇ ಅದಕ್ಕೊಂದು ಮೇಲ್ಮಿತಿ ಹಾಕಿದೆ.