ಬಾಬೆಲಿಗೆ ಶರಣಾಗಿ ಎಂದ ಯೆರೆಮೀಯನ ಮಾತು ಯೆಹೂದಕ್ಕೆ ಹಿತವಾಗಿತ್ತೇ?

ಪರ

ಬಾಬೆಲಿನ (ಬ್ಯಾಬಿಲೋನಿನ) ಸೇನೆ ಯೆಹೂದದ ರಾಜಧಾನಿ ಜೆರುಸಲೇಮನ್ನು ಮುತ್ತಿದ್ದಾಗ, ಪಟ್ಟಣದಲ್ಲೇ ಉಳಿದವರು ಕತ್ತಿ, ಕ್ಷಾಮ, ವ್ಯಾಧಿಗಳಿಂದ ಸಾಯುವರು, ಹೊರಗೆ ಹೋಗಿ ಕಲ್ದೀಯರಿಗೆ, ಅಂದರೆ ಬಾಬೆಲಿನವರಿಗೆ, ಶರಣಾದವರು ಬದುಕುವರು ಎಂದು ಸಾರಿದ ಪ್ರವಾದಿ ಯೆರೆಮೀಯನನ್ನು ಅಧಿಕಾರಿಗಳು ಕೆಸರು ತುಂಬಿದ ಬಾವಿಗೆ ಇಳಿಸಿದರು. ಆದರೆ ಅದು ಭಯದಿಂದ ಆ ಕ್ಷಣಕ್ಕೆ ಹುಟ್ಟಿದ ಮಾತಲ್ಲ. ಪರದೇಶಿ, ಅನಾಥ, ವಿಧವೆಯರನ್ನು ಹಿಂಸಿಸುತ್ತ, ದೇವಾಲಯ ನಮ್ಮಲ್ಲಿದೆ ಎಂದು ನಿಶ್ಚಿಂತೆಯಿಂದಿರುವ ನಾಡು ಉಳಿಯದೆಂದು ಅನಾತೋತ್ ಎಂಬ ಊರಿನ ಈ ಪುರೋಹಿತಪುತ್ರ ಸುಮಾರು 40 ವರ್ಷ ಎಚ್ಚರಿಸಿದ್ದ. ಮುತ್ತಿಗೆಯ ಕಾಲದಲ್ಲಿಯೇ ಅದಕ್ಕೆ ಸಾಕ್ಷಿ ಸಿಕ್ಕಿತು: ಸಂಕಟದಲ್ಲಿ ತಮ್ಮದೇ ಜನಾಂಗದ ಇಬ್ರಿಯ ದಾಸದಾಸಿಯರಿಗೆ ಬಿಡುಗಡೆ ಕೊಟ್ಟ ಒಡೆಯರು ಆಮೇಲೆ ಮನಸ್ಸು ಬದಲಿಸಿ ಅವರನ್ನೇ ಮತ್ತೆ ಹಿಡಿದು ದುಡಿಸಿಕೊಂಡರು. ಇಂಥವರ ಗೋಡೆಯನ್ನು ಕಾಯಲು ಬಡವನ ಮಗನೇಕೆ ಸಾಯಬೇಕು?

ದ್ರೋಹಿಯಾಗಿದ್ದರೆ ಅವನು ಹೊಲ ಕೊಳ್ಳುತ್ತಿರಲಿಲ್ಲ. ಶತ್ರು ಊರ ಸುತ್ತ ದಿಬ್ಬ ಕಟ್ಟುತ್ತಿದ್ದಾಗ, ಸೆರೆಯಲ್ಲಿದ್ದ ಯೆರೆಮೀಯ ಚಿಕ್ಕಪ್ಪನ ಮಗ ಹನಮೇಲನಿಂದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಕೊಂಡ. ಸಾಕ್ಷಿಗಳ ಮುಂದೆ ಕ್ರಯಪತ್ರಕ್ಕೆ ಮುದ್ರೆ ಹಾಕಿಸಿ, ಬಹುಕಾಲ ಕೆಡದಿರಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಈ ನೆಲದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳ ವ್ಯವಹಾರ ನಡೆಯುವುದೆಂಬ ನಂಬಿಕೆಗೆ ಅವನು ತನ್ನ ಹಣವನ್ನೇ ಒತ್ತೆಯಿಟ್ಟಿದ್ದ. ಪಟ್ಟಣ ಬಿದ್ದ ಮೇಲೆ ಬಾಬೆಲಿಗೆ ಬಂದರೆ ನೋಡಿಕೊಳ್ಳುತ್ತೇನೆಂದು ಅಲ್ಲಿನ ಸೇನಾಪತಿ ಕರೆದರೂ ಹೋಗದೆ, ಮಿಚ್ಪ ಎಂಬ ಊರಿನಲ್ಲಿ ಅಳಿದುಳಿದ ಬಡಜನರೊಡನೆ ನೆಲೆಸಿದ.

ವಿರೋಧ

ಫಲಿತಾಂಶ ಗೊತ್ತಿರುವ ನಾವು ಯೆರೆಮೀಯನನ್ನು ಒಪ್ಪುವುದು ಸುಲಭ. ಗೋಡೆಯ ಮೇಲೆ ನಿಂತವರಿಗೆ ಅದು ಗೊತ್ತಿರಲಿಲ್ಲ. ಕ್ರಿ.ಪೂ. 701ರಲ್ಲಿ ಅಶ್ಶೂರದ (ಅಸ್ಸೀರಿಯಾದ) ಸೇನೆ ಬಂದಾಗ ಪಟ್ಟಣ ಬೀಳದೆಂದು ಪ್ರವಾದಿ ಯೆಶಾಯ ಹೇಳಿದ್ದ, ಅದು ಬೀಳಲೂ ಇಲ್ಲ. ಆ ನೆನಪಿನಲ್ಲಿ ಬೆಳೆದವರು ಎದುರಿಸಿ ನಿಲ್ಲಲು ಬಯಸಿದ್ದು ಮೂರ್ಖತನವಲ್ಲ. ಐಗುಪ್ತದ (ಈಜಿಪ್ಟಿನ) ಸೇನೆ ನೆರವಿಗೆ ಹೊರಟ ಸುದ್ದಿಗೆ ಕಲ್ದೀಯರು ಒಮ್ಮೆ ಹಿಂದೆ ಸರಿದದ್ದೂ ನಿಜ. ಅಂಥ ಹೊತ್ತಿನಲ್ಲಿ ಶತ್ರುವಿನ ಕಡೆ ಹೋಗಿ ಎಂದು ಬಹಿರಂಗವಾಗಿ ಸಾರುವುದು ಸೈನಿಕರ ಕೈಗಳನ್ನು ನಿತ್ರಾಣಗೊಳಿಸುತ್ತದೆಂಬ ದೂರು ಬರಿಯ ಹಗೆತನದಿಂದ ಬಂದದ್ದಲ್ಲ. ಯೆಹೂದದ ಕೋಟೆಪಟ್ಟಣ ಲಾಕೀಷಿನ ಅವಶೇಷಗಳಲ್ಲಿ 1935ರಲ್ಲಿ ಸಿಕ್ಕ ಮಡಕೆಚೂರುಗಳ ಮೇಲಿನ ಸೇನಾಪತ್ರಗಳಲ್ಲೊಂದು, ಅಧಿಕಾರಿಗಳ ಮಾತಿನ ಬಗ್ಗೆ, 'ಕೈಗಳನ್ನು ಬಲಹೀನಗೊಳಿಸುವ' ಎಂಬ ಇದೇ ನುಡಿಗಟ್ಟಿನಲ್ಲಿ ಅಳಲು ತೋಡಿಕೊಂಡಿದೆ. ಆ ಭಯ ಪಾಳೆಯಗಳಲ್ಲಿ ನಿಜವಾಗಿಯೂ ಇತ್ತು.

ಇನ್ನೊಂದು ತೊಡಕು ನನಗೆ ಹೆಚ್ಚು ಗಂಭೀರವೆನಿಸುತ್ತದೆ. ಬಾಬೆಲಿಗೆ ತಲೆಬಾಗಬೇಕೆಂಬುದರ ಗುರುತಾಗಿ ಯೆರೆಮೀಯ ಹೊತ್ತಿದ್ದ ಮರದ ನೊಗವನ್ನು ದೇವಾಲಯದಲ್ಲಿ ಅವನ ಹೆಗಲಿನಿಂದ ತೆಗೆದು ಮುರಿದ ಎದುರಾಳಿ ಪ್ರವಾದಿ ಹನನ್ಯನೂ, ಎರಡು ವರ್ಷದೊಳಗೆ ಬಾಬೆಲಿನ ನೊಗ ಹೀಗೆಯೇ ಮುರಿಯುವುದೆಂದು ಯೆಹೋವನ ಹೆಸರಿನಲ್ಲೇ ನುಡಿದ. ಅದಕ್ಕೂ ಮುನ್ನ ಅವನ ಭರವಸೆಗೆ ಸ್ವತಃ ಯೆರೆಮೀಯನೇ 'ಆಮೆನ್, ಹಾಗೆಯೇ ಆಗಲಿ' ಎಂದಿದ್ದ. ಸಮಾಧಾನವನ್ನು ನುಡಿದವನ ಮಾತು ನೆರವೇರಿದಾಗಲೇ ಅವನು ಪ್ರವಾದಿಯೆಂದು ತಿಳಿಯುವುದು ಎಂದೂ ಸೇರಿಸಿದ್ದ. ಹನನ್ಯ ನೊಗ ಮುರಿದಾಗ ಯೆರೆಮೀಯ ಉತ್ತರ ಕೊಡದೆ ಹೊರಟುಹೋದ. ಮರದ ನೊಗದ ಬದಲು ಕಬ್ಬಿಣದ ನೊಗ ಬರುವುದೆಂಬ ಮಾತು ಅವನಿಗೆ ಬಂದದ್ದು ಆಮೇಲೆ. ಅಂದು ಅಂಗಳದಲ್ಲಿ ನಿಂತು ಇಬ್ಬರನ್ನೂ ಕೇಳಿದ ಜನರು ಮರದ ಚೂರುಗಳನ್ನಷ್ಟೇ ನೋಡಿ ಮನೆಗೆ ಮರಳಬೇಕಾಯಿತು.