ಹೈಸ್ಕೂಲಿನ ಬೆಂಚಿನ ಮೇಲೆ ಬಾಲಗಳು: ಬೇಕೇ, ಬೇಡವೇ?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಪ್ಲಸ್ ಟೂ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಓದಲೆಂದೇ ವಾರಕ್ಕೊಂದು ಕಂತಿನ ಕಾಮಿಕ್ಸ್ ಬಿಡಿಸುತ್ತಿದ್ದಾಳೆ. ಕನ್ನಡ ಮಾಧ್ಯಮದ ಹೈಸ್ಕೂಲೊಂದರ ಒಂಬತ್ತನೇ ಕ್ಲಾಸಿನ ಕತೆ. ಮಕ್ಕಳು, ಮಾಸ್ಟ್ರುಗಳು, ಬೆಲ್ ಹೊಡೆಯುವ ಪ್ಯೂನ್ ಎಲ್ಲರೂ ಪ್ರಾಣಿಗಳು. ಹುಡುಗಿ ಇನ್ನೂ ಸಣ್ಣವಳು, ಹೆಸರು ಇಲ್ಲಿ ಬೇಡ. ಅದನ್ನು ಓದಿದ ಇಬ್ಬರ, ಬದಿಯಡ್ಕದ ಡಿಟಿಪಿ ಅಂಗಡಿಯವರೊಬ್ಬರ ಮತ್ತು ಹೈಸ್ಕೂಲಿನ ಕನ್ನಡ ಟೀಚರೊಬ್ಬರ ನಡುವೆ ಎದ್ದ ಪ್ರಶ್ನೆ ಇಷ್ಟೇ: ಹದಿಹರೆಯದ ಮಕ್ಕಳ ಕತೆ ಹೇಳಲು ಪ್ರಾಣಿಗಳ ಮುಖ ಬೇಕೇ?

ಪರ: ಕಿವಿ, ಬಾಲ ಇರುವುದರಿಂದಲೇ ಕತೆ ನಿಂತಿದೆ

ಕಣ್ಣಿಗೆ ಕಾಣುವ ಸಂಗತಿಯಿಂದ ಶುರು ಮಾಡುತ್ತೇನೆ. ಮೊಬೈಲಿನ ಪರದೆ ಮೂರು ಇಂಚು ಅಗಲವೂ ಇಲ್ಲ. ಅದರೊಳಗೊಂದು ಚೌಕ, ಚೌಕದೊಳಗೆ ಮೂರು ಬೆಂಚು, ಬೆಂಚಿನ ಮೇಲೆ ಒಂದೇ ಬಣ್ಣದ ಯೂನಿಫಾರಂ ತೊಟ್ಟ ಒಂಬತ್ತು ಮಕ್ಕಳು. ಇವರಲ್ಲಿ ಯಾರು ಯಾರೆಂದು ಓದುವವನಿಗೆ ಆ ಕ್ಷಣಕ್ಕೆ ಗೊತ್ತಾಗಬೇಕು. ಬೆರಳು ತಳ್ಳಿದರೆ ಚೌಕ ಹೋಯಿತು.

ಅದರ ಮೇಲೆ ಕನ್ನಡ ಬೇರೆ. ಬದಿಯಡ್ಕದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡು ಮದುವೆ ಕಾಗದ, ಭೂತಕೋಲದ ಆಮಂತ್ರಣ ಜೋಡಿಸುವ ನನಗೆ ಈ ಕಷ್ಟ ದಿನನಿತ್ಯದ್ದು. ನಮ್ಮ ಒತ್ತಕ್ಷರ ಸಾಲಿನಿಂದ ಕೆಳಗೆ ಇಳಿಯುತ್ತದೆ. ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ‘ಹೇಳಬೇಕಾಗಿತ್ತಲ್ಲ’ ಅನ್ನುವುದು ಒಂದೇ ಪದ. ಮಾತಿನ ಬಲೂನಿನಲ್ಲಿ ಒಂದು ಸಾಲು ಅದಕ್ಕೇ ಮುಗಿಯಿತು. ಹಾಗಾಗಿ ಕನ್ನಡ ಕಾಮಿಕ್ಸಿನಲ್ಲಿ ಬಲೂನು ಉಬ್ಬುತ್ತದೆ, ಮುಖ ಕಡಲೆಯಷ್ಟಾಗುತ್ತದೆ. ಆ ಮುಖದಲ್ಲಿ ಮೂಗು, ಹುಬ್ಬು ತಿದ್ದಿ ಒಂಬತ್ತು ಮಂದಿಯನ್ನು ಬೇರೆ ಮಾಡಿ ತೋರಿಸುವುದು ಪಳಗಿದವರಿಗೇ ಕಷ್ಟ. ಇವಳು ಕಲಿತದ್ದು ಶಾಲೆಯ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬಿನ ಆನಿಮೇಶನ್ ತರಗತಿಯಲ್ಲಿ, ಶಾಲೆಯ ಲ್ಯಾಪ್‌ಟಾಪಿನಲ್ಲಿ. ಕಿವಿ ಉದ್ದವಾದರೆ ಮೊಲ, ಬಾಲ ಪೊದೆಯಾದರೆ ಅಳಿಲು. ಹಿಂದಿನಿಂದ ಕಂಡರೂ ಗುರುತು ಸಿಗುತ್ತದೆ.

ಇದಿಷ್ಟೇ ಆಗಿದ್ದರೆ ಬರೀ ಕೈಚಳಕದ ಮಾತಾಗುತ್ತಿತ್ತು. ಅವಳು ಆರಿಸಿದ ಪ್ರಾಣಿಗಳನ್ನು ನೋಡಿ. ಸಿಂಹ, ಜಿರಾಫೆ ತಂದು ಕೂರಿಸಲಿಲ್ಲ. ಅಸೆಂಬ್ಲಿಯಲ್ಲಿ ಯಾವಾಗಲೂ ಸಾಲಿನ ತುದಿಗೆ ನಿಲ್ಲಬೇಕಾದ ಕುಳ್ಳ ಹುಡುಗ ಕಾಸರಗೋಡು ಗಿಡ್ಡ ತಳಿಯ ಕರು. ಬೇಳದ ಫಾರ್ಮಿನಲ್ಲಿ ಆ ದನಗಳನ್ನು ಕಂಡವರಿಗೆ ಚಿತ್ರ ನೋಡಿದ ಕೂಡಲೇ ನಗು ಬರುತ್ತದೆ. ಕೊನೆಯ ಬೆಂಚಿನಲ್ಲಿ ಚಂದ್ರಗಿರಿ ಹೊಳೆಯ ಮೆದುಚಿಪ್ಪಿನ ದೈತ್ಯ ಆಮೆ. 2023ರಲ್ಲಿ ನಮ್ಮ ಜಿಲ್ಲೆಯ ಜೀವಿ ಎಂದು ಘೋಷಣೆಯಾದದ್ದು ಇದೇ. ಬದುಕಿನ ಬಹುಪಾಲು ಹೊಳೆಯ ಮರಳಿನಡಿ ಹೂತುಕೊಂಡಿರುತ್ತದೆ, ಉಸಿರಾಡಲಿಕ್ಕೆ ಮಾತ್ರ ಮೇಲೆ ಬರುತ್ತದೆ. ಹಾಜರಿ ಕರೆದಾಗ ಡೆಸ್ಕಿನ ಅಂಚಿನಲ್ಲಿ ಬರೀ ಮೂಗು ಕಾಣಿಸಿ ‘ಹಾಜರ್ ಸಾರ್’ ಎಂದು ಮತ್ತೆ ಮುಳುಗುವ ಹುಡುಗನನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ಸಾಧ್ಯವೇ?

ಇನ್ನು ಮುಖ್ಯ ಮಾತು. ನಮ್ಮೂರಿನಲ್ಲಿ ಹೆಸರು ಹೇಳಿದರೆ ಕತೆ ಮುಗಿಯಿತು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಂದು ವೇದಿಕೆ ಹತ್ತಿದವರೆಲ್ಲ ಸಪ್ತಭಾಷೆಯ ನಾಡನ್ನು ಹೊಗಳುತ್ತಾರೆ. ಆದರೆ ಕತೆಯ ಹುಡುಗಿಗೆ ಒಂದು ಹೆಸರಿಡಿ, ಹಣೆಗೆ ಬೊಟ್ಟನ್ನೋ ತಲೆಗೆ ಶಾಲನ್ನೋ ಬಿಡಿಸಿ. ಅವಳ ಮನೆಮಾತು ಯಾವುದು, ಮನೆ ಯಾವ ಕಡೆ, ಅಪ್ಪ ಯಾವ ಪಕ್ಷಕ್ಕೆ ಓಟು ಹಾಕುತ್ತಾನೆ ಎಂದೆಲ್ಲ ಓದುಗ ಲೆಕ್ಕ ಹಾಕಿ ಮುಗಿಸುತ್ತಾನೆ. ಒಬ್ಬ ಹುಡುಗ ಪಕ್ಕದ ಬೆಂಚಿನ ಹುಡುಗಿಗೆ ಪೆನ್ನು ಕೊಟ್ಟ ಎಂಬಷ್ಟಕ್ಕೇ ಸಾಯಂಕಾಲ ಪೇಟೆಯಲ್ಲಿ ಎರಡು ಗುಂಪಾಗುತ್ತದೆ. ಇಲ್ಲಿ ಕಬ್ಬೆಕ್ಕು ಅಳಿಲಿಗೆ ಪೆನ್ನು ಕೊಟ್ಟಿತು. ಪೆನ್ನು ಕೊಟ್ಟಾಗ ಅದರ ಮೀಸೆ ನಡುಗಿದ್ದನ್ನು ಎಲ್ಲರೂ ನೋಡಿದರು. ಯಾರ ಮನೆಯ ಕಬ್ಬೆಕ್ಕು ಎಂದು ಯಾರೂ ಕೇಳಲಿಲ್ಲ.

ಕಲೋತ್ಸವದ ಕಂತನ್ನು ಹೇಳದೆ ಮುಂದೆ ಹೋಗಲಾರೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಕಾಸರಗೋಡಿನ ಶಾಲೆಗಳಿಗೆ ಅದು ಮಾನದ ಪ್ರಶ್ನೆ. ಅಳಿಲು ಹುಡುಗಿಗೆ ಅಭಿಮನ್ಯುವಿನ ವೇಷ. ಬಣ್ಣ ಹಚ್ಚಿಯಾಗಿದೆ, ದಗಲೆ ತೊಡಿಸಿಯಾಗಿದೆ, ಬಿಗಿಯಬೇಕಾದ ಹಗ್ಗವನ್ನೆಲ್ಲ ಬಿಗಿದಾಗಿದೆ. ಚೌಕಿಯ (ಬಣ್ಣ ಹಚ್ಚುವ ಕೋಣೆಯ) ಹೊರಗೆ ಚೆಂಡೆ ಶುರುವಾಗಿದೆ. ಆಗ ಅವಳು ಮೊದಲ ಸಲ ಮುಟ್ಟಾಗುತ್ತಾಳೆ. ಆ ಪುಟದಲ್ಲಿ ಮಾತೇ ಇಲ್ಲ. ಹದಿನಾರು ಕಂತು ಪೊದೆಯಾಗಿ ಎದ್ದು ನಿಂತಿದ್ದ ಬಾಲ ಮೆಲ್ಲಗೆ ಇಳಿದು ಸೊಂಟಕ್ಕೆ ಸುತ್ತಿಕೊಳ್ಳುತ್ತದೆ. ಮುಂಗುಸಿ ಟೀಚರ್ ಅದನ್ನು ನೋಡುತ್ತಾರೆ, ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಾರೆ. ಬಿಡಿಸುವವಳು ಸ್ವತಃ ಶಾಲೆಗೆ ಹೋಗುವ ಹುಡುಗಿ. ಮನುಷ್ಯ ಹುಡುಗಿಯನ್ನು ಬಿಡಿಸಿದ್ದರೆ ಮರುದಿನ ಬೆಳಿಗ್ಗೆ ‘ಇದು ನಮ್ಮ ಕ್ಲಾಸಿನ ಯಾರು?’ ಎಂಬ ಹುಡುಕಾಟ ಶುರುವಾಗುತ್ತಿತ್ತು, ಯಾವುದೋ ಒಂದು ಮಗು ಅದನ್ನು ಹೊರಬೇಕಾಗುತ್ತಿತ್ತು.

ಇದು ಹೊರಗಿನಿಂದ ಬಂದ ಚಾಳಿಯೂ ಅಲ್ಲ. ಹನ್ನೊಂದನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ಕರಟಕ, ದಮನಕರನ್ನು ನರಿಗಳೆಂದು ಯಾರಾದರೂ ಓದುತ್ತಾರೆಯೇ? ಅರಮನೆಯ ಚಾಡಿಕೋರರು ಅವರು. ಮಕ್ಕಳ ಪತ್ರಿಕೆ ಬಾಲಮಂಗಳದಲ್ಲಿ ಡಿಂಗನೆಂಬ ಇಲಿಯ ಸಾಹಸ ಓದಿ ಬೆಳೆದವರು ಇವತ್ತು ಇಲ್ಲಿ ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ಕೆಲಸಕ್ಕಿದ್ದಾರೆ, ಮಲಯಾಳದಲ್ಲಿ ಓದಿದವರೂ ಇದ್ದಾರೆ, ಕನ್ನಡದಲ್ಲಿ ಓದಿದವರೂ. ಇನ್ನು ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ನಾಡಿನಲ್ಲಿ ವಾಲಿಯನ್ನು ಮರೆಯುವವರುಂಟೇ? ರಾಮನನ್ನು ಎದುರಿಗೆ ನಿಲ್ಲಿಸಿ ‘ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ?’ ಎಂದು ಕೇಳಲು ಒಬ್ಬ ಕಪಿ ಬೇಕಾಯಿತು.

ಪ್ರಾಣಿ ಮಾಡಿದರೆ ಮಗುವಿನ ಸ್ವಭಾವ ಹುಟ್ಟಿನಲ್ಲೇ ಬರೆದಂತಾಗುತ್ತದೆ ಎಂದು ಟೀಚರ್ ವಾದಿಸುತ್ತಾರೆ, ಗೊತ್ತು. ಜಪಾನಿನ ಪಾರು ಇಟಗಾಕಿ 2016ರಿಂದ 2020ರವರೆಗೆ ಬಿಡಿಸಿದ ‘ಬೀಸ್ಟಾರ್ಸ್’ ಸರಣಿ ಇದನ್ನೇ ತಲೆಕೆಳಗು ಮಾಡಿತು. ಅದರ ತೋಳ ಹುಡುಗ ಶಾಲೆಯ ನಾಟಕ ಸಂಘದಲ್ಲಿ ರಂಗದ ಹಿಂದಿನ ಕೆಲಸ ಮಾಡುವವ, ತನ್ನ ಹಲ್ಲಿಗೆ ತಾನೇ ಹೆದರುವವ. ಹುಟ್ಟಿದ ಹಾಗೇ ಬದುಕಬೇಕೇ ಎಂಬುದೇ ಅಲ್ಲಿ ಕತೆ. ನಮ್ಮ ಹುಡುಗಿಯ ಕಾಡುಹಂದಿಯೂ ಅದೇ ದಾರಿಯಲ್ಲಿದೆ. ಹನ್ನೆರಡನೇ ಕಂತಿನವರೆಗೆ ಪುಂಡ, ಆಮೇಲೆ ನೋಡಿದರೆ ಮನೆಗೆ ಹೋಗಿ ತಂಗಿಗೆ ಜಡೆ ಹಾಕುವವ.

ವಿರೋಧ: ಮುಖ ಕಾಣಲಿ

ಅಕ್ಷರದ ಬಗ್ಗೆ ಅಣ್ಣ ಹೇಳಿದ್ದು ಸರಿ. ಆದರೆ ಬಲೂನು ದೊಡ್ಡದಾದರೆ ಮಾತು ಕಡಿಮೆ ಮಾಡಬೇಕು, ಮುಖ ತೆಗೆಯುವುದಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನಮ್ಮ ತರಗತಿಯಲ್ಲಿ ಪ್ರಾಣಿಗಳ ಹೆಸರು ಹೇಗೆ ಬಳಕೆಯಾಗುತ್ತದೆಂದು ಅಣ್ಣನಿಗೆ ನೆನಪಿರಬೇಕು, ಅವರೂ ಇಲ್ಲೇ ಓದಿದವರು. ‘ಎಮ್ಮೆ ಕೂತ ಹಾಗೆ ಕೂತಿದ್ದೀಯಲ್ಲ’, ‘ಕತ್ತೆ, ಎಷ್ಟು ಸಲ ಹೇಳಬೇಕು’, ‘ಕೋಣದಷ್ಟು ಬೆಳೆದಿದ್ದೀಯಾ’. ಬೆತ್ತ ಹೋದರೂ ಇದು ಹೋಗಿಲ್ಲ. ಮಾಸ್ಟ್ರುಗಳು ನಿಲ್ಲಿಸಿದಲ್ಲಿಂದ ಮಕ್ಕಳು ಮುಂದುವರಿಸುತ್ತಾರೆ. ಮೈಬಣ್ಣ ಕಪ್ಪಾದವನಿಗೆ, ಹಲ್ಲು ಮುಂದಿದ್ದವಳಿಗೆ, ದಪ್ಪಗಿದ್ದವನಿಗೆ ಜೂನ್ ತಿಂಗಳು ಮುಗಿಯುವುದರೊಳಗೆ ಒಂದೊಂದು ಪ್ರಾಣಿ ಅಂಟಿಕೊಂಡಿರುತ್ತದೆ, ಎಸ್‌ಎಸ್‌ಎಲ್‌ಸಿ ಮುಗಿಸಿ ಹೋಗುವ ತನಕ ಬಿಡುವುದಿಲ್ಲ. ಈ ಕಾಮಿಕ್ಸಿನಲ್ಲಿ ಒಬ್ಬ ಎಮ್ಮೆ ಹುಡುಗ ಇದ್ದಾನೆ. ನಿಧಾನ, ಕಪ್ಪು, ಒಳ್ಳೆಯವ. ಒಳ್ಳೆಯವನಾಗಿ ಬಿಡಿಸಿದ್ದಾಳೆ, ನಿಜ. ಆದರೆ ಒಂಬತ್ತನೇ ‘ಬಿ’ಯಲ್ಲಿ ಒಬ್ಬ ಹುಡುಗನಿಗೆ ಆ ಕಂತಿನ ಚಿತ್ರವನ್ನು ತೋರಿಸಿ ‘ಇಗೋ ನಿನ್ನ ಫೋಟೋ ಬಂದಿದೆ’ ಎಂದವರಿಗೆ ಅವನ ಒಳ್ಳೆಯತನ ಕಾಣಲಿಲ್ಲ.

ಜಾತಿ, ಧರ್ಮ ಕಾಣದಂತೆ ಪ್ರಾಣಿಗಳನ್ನು ತಂದಳು ಎನ್ನುತ್ತಾರೆ ಅಣ್ಣ. ಓದುವ ಮಕ್ಕಳು ಅಷ್ಟು ಮುಗ್ಧರಲ್ಲ. ಕಬ್ಬೆಕ್ಕು ರಾತ್ರಿ ತಿರುಗುವುದು, ಮೀನಿನ ವಾಸನೆಗೆ ಬರುವುದು. ಅಳಿಲು ಅಡಿಕೆ ತೋಟದ ಮನೆಯದ್ದು. ಯಾರು ಯಾರೆಂದು ನನ್ನ ಕ್ಲಾಸಿನವರು ಎರಡನೇ ಕಂತಿಗೇ ಹಂಚಿ ಮುಗಿಸಿದ್ದರು. ಹೆಸರಿದ್ದಾಗ ಆ ಹುಡುಗ, ಈ ಹುಡುಗಿ ಎಂದಾದರೂ ಇರುತ್ತದೆ. ಪ್ರಾಣಿಯಾದ ಮೇಲೆ ಇಡೀ ಕುಲವೇ ಹಾಗೆ ಎಂದಾಗುತ್ತದೆ. ಬೆಕ್ಕಿಗೆ ಹುಟ್ಟಿದ್ದು ಬೆಕ್ಕೇ, ಬೆಕ್ಕಿನ ಬುದ್ಧಿಯೇ. ಇದನ್ನೇ ಅಲ್ಲವೇ ನಾವು ಶಾಲೆಯಿಂದ ಓಡಿಸಬೇಕೆಂದು ನೂರು ವರ್ಷದಿಂದ ಹೆಣಗುತ್ತಿರುವುದು? ಜಪಾನಿನ ತೋಳಕ್ಕೆ ತನ್ನ ಹಲ್ಲಿನ ಜೊತೆ ಹೋರಾಡಲು 22 ಸಂಪುಟ ಬೇಕಾಯಿತು, ಅಷ್ಟಾದರೂ ಹಲ್ಲು ಇದ್ದೇ ಇದೆ. ಮನುಷ್ಯ ಹುಡುಗನಿಗೆ ಆ ಹಲ್ಲೇ ಇಲ್ಲವಲ್ಲ. ಇಲ್ಲದ ಹಲ್ಲನ್ನು ಕಟ್ಟಿ, ಆಮೇಲೆ ಅದನ್ನು ಗೆದ್ದನೆಂದು ಚಪ್ಪಾಳೆ ತಟ್ಟುವುದು ಯಾಕೆ?

ಆರ್ಟ್ ಸ್ಪೀಗಲ್‌ಮನ್ನರ ‘ಮೌಸ್’ 1992ರಲ್ಲಿ ಪುಲಿಟ್ಜರ್ ವಿಶೇಷ ಗೌರವ ಪಡೆದ ಕಾಮಿಕ್ಸ್. ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು, ಪೋಲೆಂಡಿನವರು ಹಂದಿಗಳು. ಹಂದಿಯೆಂದದ್ದಕ್ಕೆ ಪೋಲೆಂಡಿನಲ್ಲಿ ಸಿಟ್ಟು ಎದ್ದಿತು. ನನಗೆ ಮುಖ್ಯವಾಗಿ ಕಂಡದ್ದು ಅದಲ್ಲ. ಎರಡನೇ ಭಾಗದಲ್ಲಿ ಸ್ಪೀಗಲ್‌ಮನ್ ತನ್ನನ್ನೇ ಬಿಡಿಸಿಕೊಳ್ಳುವಾಗ ಇಲಿಯ ಮುಖವಾಡವನ್ನು ದಾರದಿಂದ ಕಟ್ಟಿಕೊಂಡ ಮನುಷ್ಯನನ್ನು ಬಿಡಿಸುತ್ತಾರೆ. ದಾರ ಕಾಣುತ್ತದೆ. ಅಷ್ಟು ದೊಡ್ಡ ಕಲಾವಿದರಿಗೇ ದಾರ ತೋರಿಸದೆ ಮುಂದೆ ಹೋಗಲಾಗಲಿಲ್ಲ. ನಮ್ಮ ಹುಡುಗಿಯ ಚಿತ್ರದಲ್ಲಿ ದಾರ ಎಲ್ಲೂ ಕಾಣುವುದಿಲ್ಲ.

ವಾಲಿಯ ಮಾತು ತೆಗೆದದ್ದು ಅಣ್ಣನೇ, ಹಾಗಾಗಿ ಹೇಳುತ್ತೇನೆ. ಯಕ್ಷಗಾನ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಊರು ಇನ್ನೂ ನೆನೆಸಿಕೊಳ್ಳುವುದು ತಾಳಮದ್ದಳೆಯಿಂದ. ಅಲ್ಲಿ ಬಾಲವಿಲ್ಲ, ಬಣ್ಣವಿಲ್ಲ, ಕಿರೀಟವಿಲ್ಲ. ಪಂಚೆ ಉಟ್ಟು, ಶಾಲು ಹೊದ್ದು ಕೂತ ಮನುಷ್ಯ ಮಾತಾಡುತ್ತಾನೆ, ಅಷ್ಟೇ. ಕಪಿಯ ವೇಷ ಬಿಟ್ಟರೂ ವಾಲಿಯ ಪ್ರಶ್ನೆಗೆ ಮೊನೆ ಕಡಿಮೆಯಾಗಲಿಲ್ಲ.

ಕಲೋತ್ಸವದ ಕಂತು ಚೆನ್ನಾಗಿದೆ, ನಾನೂ ಎರಡು ಸಲ ಓದಿದೆ. ಆದರೆ ಮುಟ್ಟಿನ ನಾಚಿಕೆ ಅಳಿಲಿಗಿಲ್ಲ. ಅದು ಮನುಷ್ಯರು ಹೆಣ್ಣುಮಕ್ಕಳಿಗೆ ಕಲಿಸಿದ್ದು. ಬಾಲ ಸುತ್ತಿ ಮುಚ್ಚಿದ್ದನ್ನು ನೋಡಿ ‘ಎಷ್ಟು ಸೂಕ್ಷ್ಮ’ ಎಂದವರೇ ಹೆಚ್ಚು. ನಾವು ತರಗತಿಯಲ್ಲಿ ಹೇಳುತ್ತಿರುವುದು ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ ಎಂದು.

ಈಗ ಹೇಳಲೇಬೇಕಾದದ್ದು. ಅಣ್ಣ ಹೊಗಳಿದ ಗಿಡ್ಡ ಕರುವಿಗೆ ಒಬ್ಬ ಅಣ್ಣನಿದ್ದಾನೆ. ಎಂಟನೇ ಕಂತಿನಲ್ಲಿ ಒಂದು ಚೌಕದಲ್ಲಿ ಮಾತ್ರ ಬರುತ್ತಾನೆ: ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿದ ಕರು, ಕಾಲು ಸೊಟ್ಟ, ತಲೆ ದೊಡ್ಡದು. ಹೊರಗಿನವರು ಕಾಯಿಲೆಯ ಕರು ಎಂದು ಓದಿ ಮುಂದೆ ಹೋಗುತ್ತಾರೆ. ನಮ್ಮ ಜಿಲ್ಲೆಯ ಎಣ್ಮಕಜೆಯವರಿಗೆ, ಪಡ್ರೆಯವರಿಗೆ ಅದು ಏನೆಂದು ಗೊತ್ತು. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದೇ ಮದ್ದು ಬಾವಿಗೆ ಬಿತ್ತು, ನೀರಿಗಾಗಿ ಗುಡ್ಡದಲ್ಲಿ ಅಡ್ಡಕ್ಕೆ ಕೊರೆದ ಸುರಂಗದ ನೀರಿಗೂ ಇಳಿಯಿತು. ಮೊದಲು ಕಣ್ಣಿಗೆ ಬಿದ್ದದ್ದು ಸೊಟ್ಟ ಕಾಲಿನ ಕರುಗಳೇ. ಪಡ್ರೆಯಲ್ಲಿ ಅದನ್ನು ನೋಡಿ ಬರೆದವರೂ ಇದ್ದರು. ಆಗ ಯಾವ ಕಚೇರಿಯೂ ಅಲ್ಲಾಡಲಿಲ್ಲ. ಮಕ್ಕಳ ಮುಖ ಪತ್ರಿಕೆಗಳಲ್ಲಿ ಅಚ್ಚಾದ ಮೇಲೆ ಮಾತು ರಾಜಧಾನಿಗಳನ್ನು ಮುಟ್ಟಿತು. ಸುಪ್ರೀಂ ಕೋರ್ಟು ದೇಶದಲ್ಲೇ ನಿಷೇಧ ಹೇರುವಾಗ 2011 ಆಗಿತ್ತು. ಆ ಮಕ್ಕಳಲ್ಲಿ ಬದುಕಿ ಉಳಿದವರು ಇವತ್ತಿಗೂ ಜಗಲಿಯಲ್ಲಿದ್ದಾರೆ, ಅವರ ತಮ್ಮ ತಂಗಿಯರು ನಮ್ಮ ಬೆಂಚುಗಳಲ್ಲಿ ಕೂತು ಹೋಗಿದ್ದಾರೆ. ಇಷ್ಟು ಕಷ್ಟದಲ್ಲಿ ಮನುಷ್ಯರೆಂದು ಒಪ್ಪಿಸಿದವರನ್ನು ತಿರುಗಿ ಕರು ಮಾಡುವುದು ನನಗೆ ಒಗ್ಗುವುದಿಲ್ಲ. ಬಿಡಿಸಿದವಳಿಗೆ ಆ ಉದ್ದೇಶ ಇರಲಿಲ್ಲ, ಅದೂ ನನಗೆ ಗೊತ್ತು.

ಕೊಕ್ಕರೆ ಮಾಸ್ಟ್ರ ವಿಷಯವೂ ಹೀಗೆಯೇ. ಗಣಿತದ ಮಾಸ್ಟ್ರು ಕೊಕ್ಕರೆ, ಅವರ ಬಲೂನಿನ ತುಂಬ ಮಲಯಾಳದ ಅಕ್ಷರ, ಕೆಳಗೆ ಬಾಯಿ ತೆರೆದು ಕೂತ ಕಪ್ಪೆಮರಿಗಳು. ಅತಿ ಹೆಚ್ಚು ಜನ ನೋಡಿದ ಕಂತು ಅದು. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಕ ಮಾಡಿದ್ದಕ್ಕೆ ಇಲ್ಲಿ ಮಕ್ಕಳೇ ಪಾಠ ಬಿಟ್ಟು ಹೊರಗೆ ಕೂತದ್ದುಂಟು. ಲಸಾಗು ಅರ್ಥವಾಗದೆ ಒಂದು ವರ್ಷ ಕಳೆದ ಹುಡುಗಿಯ ಮುಖ ಹೇಗಿರುತ್ತದೆಂದು ನಾನು ದಿನವೂ ನೋಡುತ್ತೇನೆ. ಆ ಮುಖವನ್ನು ಬಿಡಿಸಿದ್ದರೆ ನಗು ಬರುತ್ತಿರಲಿಲ್ಲ. ಕಪ್ಪೆಮರಿ ನೋಡಿ ಎಲ್ಲರೂ ನಕ್ಕರು, ಮೊಬೈಲಿನಿಂದ ಮೊಬೈಲಿಗೆ ಕಳಿಸಿದರು. ಹಾಗೆ ಕಳಿಸಿದ ಹೆತ್ತವರಲ್ಲಿ ನಾಲ್ಕೈದು ಮಂದಿ ನಮ್ಮ ಪಿಟಿಎ ಸಭೆಗೂ ಬಂದಿದ್ದರು. ಗಣಿತದ ಪಾಠದ ಬಗ್ಗೆ ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಹೆಡ್‌ಮಾಸ್ಟ್ರು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ.