11 ಕಿಲೋ ಹೆಂಚು

ಬೆಂಗಳೂರಿನ ವಿಶ್ವೇಶ್ವರಪುರದ ತಿಂಡಿಬೀದಿಗೆ ನಾನು ತಿನ್ನಲಿಕ್ಕೆ ಎಷ್ಟು ಹೋಗುತ್ತೇನೋ, ನೋಡಲಿಕ್ಕೂ ಅಷ್ಟೇ ಹೋಗುತ್ತೇನೆ. ಸಜ್ಜನ್‌ರಾವ್ ವೃತ್ತದಲ್ಲಿ ದೀಪ ಹತ್ತುವ ಹೊತ್ತಿಗೆ ಒಂದು ಕಡೆ ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಉಬ್ಬುತ್ತಿರುತ್ತದೆ, ಇನ್ನೊಂದು ಕಡೆ ಪಡ್ಡಿನ ಕಾವಲಿಯ ಗುಳಿಗಳಲ್ಲಿ ಪಡ್ಡುಗಳು ಮಗ್ಗುಲು ಬದಲಿಸುತ್ತಿರುತ್ತವೆ. ಆದರೆ ನನ್ನ ಕಾಲು ತಾನಾಗಿ ನಿಲ್ಲುವುದು ದೋಸೆ ಹೆಂಚಿನ ಮುಂದೆ. ದೋಸೆ ಹಾಕುವಾತ ಕಾದ ಹೆಂಚಿಗೆ ಒಂದು ಹಿಡಿ ನೀರು ಎರಚಿ, ಚುಂಯ್ ಎಂದು ಆವಿ ಏಳುವಾಗಲೇ ಕಡ್ಡಿಪೊರಕೆಯಿಂದ ಒಮ್ಮೆ ಗುಡಿಸಿ, ಸಾಲಾಗಿ ಎಂಟು ಸೌಟು ಹಿಟ್ಟು ಹೊಯ್ದು, ಎಂಟನೆಯದನ್ನು ಹರಡಿ ಮುಗಿಸುವಷ್ಟರಲ್ಲಿ ಮೊದಲನೆಯದರ ಅಂಚು ಹೆಂಚು ಬಿಟ್ಟು ಮೇಲೆದ್ದಿರುತ್ತದೆ. ಅವರೆಕಾಯಿ ಕಾಲವಾದರೆ ಅದರ ಮೇಲೊಂದು ಹಿಡಿ ಹಿತಕಿದ ಬೇಳೆ.

ಹದಿನೈದು ವರ್ಷ ಹೀಗೆ ನಿಂತು ನೋಡಿದ ಮೇಲೆ, ದೋಸೆ ಹಾಕುವುದು ನನಗೂ ಬರುತ್ತದೆ ಎಂಬ ಭ್ರಮೆ ಹುಟ್ಟಿತು. ಮನೆಯ ದೋಸೆ ಹಾಗಾಗದಿರುವುದಕ್ಕೆ ನಮ್ಮ ತೆಳುವಾದ ತವೆಯೇ ಕಾರಣವೆಂದು ನಾನು ತೀರ್ಮಾನಿಸಿದೆ. ತಣ್ಣನೆಯ ಹಿಟ್ಟು ಬಿದ್ದೊಡನೆ ತವೆಯ ಕಾವು ಇಳಿದುಹೋಗುತ್ತದೆ, ದಪ್ಪ ಬೀಡುಕಬ್ಬಿಣವಾದರೋ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ತರ್ಕದಲ್ಲಿ ತಪ್ಪಿರಲಿಲ್ಲ, ಅಳತೆಯಲ್ಲಿ ಇತ್ತು.

ಚಿಕ್ಕಪೇಟೆಯ ಪಾತ್ರೆ ಅಂಗಡಿಯಾತ, "ಮನೆಗಾ, ಹೋಟ್ಲಿಗಾ ಸಾರ್?" ಎಂದು ಕೇಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಹೆಮ್ಮೆಯಿಂದ "ಮನೆಗೇ" ಎಂದೆ. ಅಡ್ಡಗಲ 40 ಸೆಂಟಿಮೀಟರ್, ದಪ್ಪ ಒಂದು ಬೆರಳು, ತೂಕ 11 ಕಿಲೋ. ಗೋಣಿತಟ್ಟಿನಲ್ಲಿ ಸುತ್ತಿದ ಅದನ್ನು ಆಟೋದಲ್ಲಿ ಇಟ್ಟಾಗ ಚಾಲಕರು ಹಿಂದಿರುಗಿ ನೋಡಿ, "ಏನ್ ಸಾರ್, ಮ್ಯಾನ್‌ಹೋಲ್ ಮುಚ್ಚಳವಾ?" ಎಂದರು.

ಹೊಸ ಬೀಡು ಪಳಗದೆ ದೋಸೆ ಏಳುವುದಿಲ್ಲ, ದಿನಾ ಸ್ವಲ್ಪ ಎಣ್ಣೆ ಸವರಿ ಕಾಯಿಸುತ್ತ ವಾರವಾದರೂ ಬಿಡಬೇಕು ಎಂದು ಅಮ್ಮ ಹೇಳಿದರು. ಕಾದ ಕಬ್ಬಿಣದ ಮೇಲೆ ಎಣ್ಣೆ ಗಟ್ಟಿಯಾಗಿ ತೆಳುವಾದ ಪದರವಾಗಿ ಅಂಟಿಕೊಳ್ಳುತ್ತದೆ, ದೋಸೆ ಏಳುವುದು ಆ ಪದರದಿಂದ ಎಂದು ನಾನೂ ಓದಿಕೊಂಡಿದ್ದೆ. ಹಾಗಾಗಿ ವಾರದ ಕೆಲಸವನ್ನು ಶನಿವಾರ ಸಂಜೆಯೊಂದರಲ್ಲೇ ಮುಗಿಸಲು ಹೊರಟೆ. ಮೂರನೆಯ ಸಲ ಎಣ್ಣೆ ಸವರುವ ಹೊತ್ತಿಗೆ ಎದುರುಮನೆಯವರು ಬಾಗಿಲು ತಟ್ಟಿ, "ಮನೇಲಿ ಹೋಮಾನಾ ಸಾರ್?" ಎಂದು ವಿಚಾರಿಸಿದರು.

ಭಾನುವಾರ ಬೆಳಿಗ್ಗೆ ಹೆಂಚು ಒಲೆ ಏರಿತು. ಪಕ್ಕದ ಒಲೆಯ ಮೇಲೂ ಅದೇ ಹರಡಿಕೊಂಡಿದ್ದರಿಂದ ಕಾಫಿ ರದ್ದಾಯಿತು. ನಾನು ಹೊಸ ಕಡ್ಡಿಪೊರಕೆ ತೆಗೆದದ್ದನ್ನು ಕಂಡ ಅಮ್ಮ, "ಪೊರಕೆ ಹಿಡ್ಕೊಂಡು ಒಲೆ ಮುಂದೆ ನಿಂತಿದೀಯಲ್ಲೋ!" ಎಂದು ದೇವರ ಕೋಣೆಯ ಬಾಗಿಲು ಮುಂದಕ್ಕೆ ಎಳೆದರು. ಇಪ್ಪತ್ತೈದು ನಿಮಿಷ ಕಾಯಿಸಿ ನೀರು ಎರಚಿದೆ. ಚುಂಯ್ ಎನ್ನಬೇಕಾದ ನೀರು ಮಣಿಮಣಿಯಾಗಿ ಹೆಂಚಿನ ತುಂಬ ಓಡಾಡತೊಡಗಿತು.

"ಅಪ್ಪಾ, ಲೈಡನ್‌ಫ್ರಾಸ್ಟ್!" ಎಂದು ಮಗಳು ಸಂಭ್ರಮದಿಂದ ಕೂಗಿದಳು. ಮೇಲ್ಮೈ ಅತಿಯಾಗಿ ಕಾದಿದ್ದರೆ ಹನಿಯ ಅಡಿಯಲ್ಲಿ ಆವಿಯ ಪದರವೊಂದು ಹುಟ್ಟಿ ಹನಿ ಅದರ ಮೇಲೆ ತೇಲುತ್ತದೆ, 1756ರಲ್ಲೇ ಆ ಹೆಸರಿನ ಜರ್ಮನ್ ವೈದ್ಯರು ಇದನ್ನು ವಿವರಿಸಿದ್ದಾರೆ ಎಂದು ಅವಳು ಹೇಳುತ್ತಿದ್ದಂತೆ ನಾನು ಹಿಟ್ಟು ಹೊಯ್ದೆ. ಸೌಟು ಒಂದು ಸುತ್ತು ಬರುವ ಮೊದಲೇ ಹಿಟ್ಟಿನ ತಳ ಗಟ್ಟಿಯಾಗಿ, ಮೇಲಿನ ಅರ್ಧ ಸೌಟಿನ ಜೊತೆಗೇ ಎದ್ದು ಬಂದಿತು. ಬೀದಿಯಲ್ಲಿ ನೀರು ಎರಚುವುದು ಹೆಂಚನ್ನು ಒಂದಿಷ್ಟು ತಣಿಸಿ, ಹಿಟ್ಟು ಹರಡಲು ಎರಡು ಕ್ಷಣ ಬಿಡುವು ಗಳಿಸಿಕೊಳ್ಳಲಿಕ್ಕೆಂದು ಆಗ ಹೊಳೆಯಿತು. ಅಷ್ಟು ವರ್ಷ ನಾನು ಅದನ್ನು ಕಸ ಗುಡಿಸುವುದೆಂದೇ ತಿಳಿದಿದ್ದೆ. ಎರಡನೆಯ ದೋಸೆ ನಡುವೆ ಕರಕಲಾಗಿ, ಅಂಚಿನಲ್ಲಿ ಹಸಿಯಾಗಿ ಉಳಿಯಿತು, ಏಕೆಂದರೆ ಬೀಡು ಕಾವನ್ನು ಹಿಡಿದಿಡುತ್ತದೆಯೇ ಹೊರತು ಅಂಚಿನವರೆಗೆ ಬೇಗ ಹಂಚುವುದಿಲ್ಲ, ನಮ್ಮ ಒಲೆಯ ಉರಿಯೋ ಒಂದು ಅಂಗೈಯಗಲ. ಐದನೆಯದನ್ನು ಮಗುಚುವ ಕೈಯಿಂದ ಕೆರೆದು ತೆಗೆದು ತಟ್ಟೆಗೆ ಹಾಕಿದಾಗ ಅಮ್ಮ ಅದನ್ನು ಬೆಳಕಿಗೆ ಹಿಡಿದು, "ಎಲ್ಲರ ಮನೆ ದೋಸೇನೂ ತೂತೇ ಕಣೋ. ನಿಂದರಲ್ಲಿ ತೂತು ಬಿಟ್ರೆ ದೋಸೇನೇ ಇಲ್ಲ," ಎಂದರು.

ಆಮೇಲೆ ಅವರೇ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಹೆಂಚಿಗೆ ಉಜ್ಜಿ, ಸಣ್ಣ ಉರಿಯಲ್ಲಿ ಪಳಗಿಸಲು ಕೂತರು. ಮಂಗಳವಾರದ ಹೊತ್ತಿಗೆ ಹೆಂಚಿಗೆ ಎಮ್ಮೆಯ ಬೆನ್ನಿನ ಹೊಳಪು ಬಂದಿತ್ತು. ಆ ರಾತ್ರಿ ಪ್ರಾಯಶ್ಚಿತ್ತವೆಂಬಂತೆ ನಾನು ಪಾತ್ರೆಗಳನ್ನೆಲ್ಲ ತೊಳೆದೆ. ಹೆಂಚನ್ನೂ ಸೋಪು ಹಾಕಿ, ಸ್ಟೀಲಿನ ನಾರಿನಲ್ಲಿ ತೋಳು ನೋಯುವ ತನಕ ಉಜ್ಜಿ, ಒದ್ದೆಯಾಗಿಯೇ ಗೋಡೆಗೆ ಒರಗಿಸಿ ಮಲಗಿದೆ. ಬೆಳಿಗ್ಗೆ ಅದು ತುಕ್ಕು ಹಿಡಿದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಮ್ಮ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ, ಮತ್ತೆ ಈರುಳ್ಳಿ ಕೊಯ್ದರು.

ಈಗ ಹೆಂಚು ಪಳಗಿದೆ, ಮುಟ್ಟುವ ಅಧಿಕಾರ ನನಗಿಲ್ಲ. ಶನಿವಾರ ಸಂಜೆ ತಿಂಡಿಬೀದಿಯಿಂದ ನಾನು ನಾಲ್ಕು ದೋಸೆ ಕಟ್ಟಿಸಿಕೊಂಡು ಬರುತ್ತೇನೆ. ಮನೆ ತಲುಪುವಷ್ಟರಲ್ಲಿ ಪೊಟ್ಟಣದೊಳಗೆ ಬೆವತು ಮೆತ್ತಗಾಗಿರುವ ಅವನ್ನು ಅಮ್ಮ ಆ ಹೆಂಚಿನ ಮೇಲೆ ಒಂದೊಂದಾಗಿ ಹಾಸಿ, ಗರಿಗರಿ ಮಾಡಿ ಕೊಡುತ್ತಾರೆ.